ಮೂರನೆಯ ಸಲ ಕರೆಯುವವರೆಗೆ

ವಾದದಲ್ಲಿ ಗೆಲ್ಲುವುದು ಒಂದು ಕಾಯಿಲೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಅವರ ಜೊತೆ ವಾದ ಮಾಡಿ ಗೆದ್ದಿರುತ್ತಿದ್ದೆ. ಹೈಸ್ಕೂಲಿನಿಂದ ಹಿಡಿದು ಕಾಲೇಜು ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದುಕೊಂಡು ಬಂದ ಕಪ್ಪುಗಳು ಶಿರಾದ ನಮ್ಮ ಮನೆಯ ಷೋಕೇಸಿನಲ್ಲಿ ಸಾಲಾಗಿ ನಿಂತಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರೊಳಗೆ ಅಮ್ಮಿ ಸೂಜಿ, ದಾರದುಂಡೆ, ಗುಂಡಿಗಳನ್ನು ಹಾಕಿಟ್ಟಿದ್ದಾಳೆ. ಚರ್ಚಾಸ್ಪರ್ಧೆಯ ನಿಯಮ ನಿಮಗೂ ಗೊತ್ತಿರಬಹುದು. ಪರವೋ ವಿರೋಧವೋ ನಾವು ಆರಿಸುವಂತಿಲ್ಲ, ಚೀಟಿ ಎತ್ತಬೇಕು. ಒಮ್ಮೆ ಕೊನೆಯ ಸುತ್ತಿನಲ್ಲಿ 'ದೆವ್ವಗಳು ಇವೆ' ಎಂಬುದರ ಪರವಾಗಿ ಮಾತಾಡುವ ಚೀಟಿ ನನ್ನ ಕೈಗೆ ಬಂತು. ಐದು ನಿಮಿಷದಲ್ಲಿ ದೆವ್ವವನ್ನು ಎಷ್ಟು ಗಟ್ಟಿಯಾಗಿ ಸ್ಥಾಪಿಸಿದೆನೆಂದರೆ, ಬಹುಮಾನ ಕೊಡಲು ಬಂದ ತೀರ್ಪುಗಾರರು ನನ್ನ ಬೆರಳು ತಾಕದಂತೆ ಕಪ್ಪಿನ ಅಂಚನ್ನು ಹಿಡಿದುಕೊಂಡು ಕೊಟ್ಟರು. ಮುಂದಿನ ತಿಂಗಳು ಇನ್ನೊಂದು ಕಾಲೇಜಿನಲ್ಲಿ ಅದೇ ವಿಷಯದ ವಿರೋಧದ ಚೀಟಿ ಬಂತು. ನಾನೇ ಹುಟ್ಟಿಸಿದ ದೆವ್ವವನ್ನು ನಾನೇ ಇಲ್ಲವೆನ್ನಿಸಿ ಮತ್ತೊಂದು ಕಪ್ಪು ತಂದೆ. ಹೀಗೆ ಎರಡೂ ಕಡೆಯಿಂದ ಬಲ್ಲವಳಿಗೆ ದೆವ್ವದ ವಿಚಾರದಲ್ಲಿ ಹೊಸದಾಗಿ ತಿಳಿಯಬೇಕಾದದ್ದು ಏನೂ ಇಲ್ಲವೆಂದು ನಂಬಿಕೊಂಡಿದ್ದೆ.

ಇಂಥವಳು ವಕೀಲಳಾಗಬೇಕಿತ್ತು. ಆದದ್ದು ಕೌನ್ಸೆಲರ್. ಬೋರ್ಡಿನ ಮೇಲೆ 'ಸಬೀನಾ, ಆಪ್ತ ಸಮಾಲೋಚಕಿ' ಎಂದಿದೆ. ಮಧುಗಿರಿಯ ಜನ 'ಮಾತಾಡ್ಸೋ ಮೇಡಮ್ಮು' ಅನ್ನುತ್ತಾರೆ. ವಾರದಲ್ಲಿ ಒಂದು ದಿನ ಕೊರಟಗೆರೆ, ಒಂದು ದಿನ ಪಾವಗಡ, ಎರಡು ದಿನ ಮಧುಗಿರಿ, ಮಿಕ್ಕದ್ದು ಶಿರಾ. ನಾಲ್ಕು ತಾಲ್ಲೂಕಿನ ದುಃಖವನ್ನು ಬಸ್ಸಿನ ಕಿಟಕಿ ಪಕ್ಕ ಕೂತು ಸುತ್ತುತ್ತೇನೆ. ಮಧುಗಿರಿಯಲ್ಲಿ ನನ್ನ ಕೋಣೆ ಒಂದು ಪಾತ್ರೆ ಅಂಗಡಿಯ ಮಹಡಿ ಮೇಲಿದೆ. ಕೆಳಗೆ ಸ್ಟೀಲ್ ತಪ್ಪಲೆ ಬಿದ್ದ ಸದ್ದಿಗೆ ಮೇಲೆ ಅಳುತ್ತಿದ್ದವರು ಬೆಚ್ಚಿ ಅಳು ನಿಲ್ಲಿಸುವುದುಂಟು. ಅದನ್ನು ನಾನು ಚಿಕಿತ್ಸೆಯ ಫಲವೆಂದು ಬರೆದುಕೊಳ್ಳುವುದಿಲ್ಲ, ಅಷ್ಟು ಪ್ರಾಮಾಣಿಕತೆ ನನ್ನಲ್ಲಿದೆ. ಕಿಟಕಿಯ ಆಚೆ ಬೆಟ್ಟ. ಅಷ್ಟು ದೊಡ್ಡ ಒಂದೇ ಕಲ್ಲು ಮನೆಯ ಹಿಂದೆ ನಿಂತಿದ್ದರೆ ಜನ ಹೇಗೆ ನಿದ್ದೆ ಮಾಡುತ್ತಾರೋ ಎಂದು ಮೊದಮೊದಲು ಅನ್ನಿಸುತ್ತಿತ್ತು. ಸಂಜೆ ನಾಲ್ಕರ ಹೊತ್ತಿಗೆ ಅದರ ನೆರಳು ಕಿಟಕಿಯಿಂದ ಒಳಗೆ ಬಂದು, ನೆಲ ದಾಟಿ, ನನ್ನ ಎದುರಿನ ಕುರ್ಚಿಯಲ್ಲಿ ಕೂತುಕೊಳ್ಳುತ್ತದೆ. ಕುರ್ಚಿ ಖಾಲಿಯಿದ್ದ ದಿನಗಳಲ್ಲಿ ಅಭ್ಯಾಸಬಲದಿಂದ 'ಹೇಳಿ' ಅಂದುಬಿಡುವ ಹಾಗಾಗುತ್ತದೆ. ಎರಡು ಸಲ ಅಂದೂ ಇದ್ದೇನೆ.

ಆ ಕುರ್ಚಿಯಲ್ಲಿ ಒಂದು ಗುರುವಾರ ಸಿದ್ದಗಂಗಮ್ಮನವರು ಬಂದು ಕೂತರು. ಇದು ಅವರ ನಿಜವಾದ ಹೆಸರಲ್ಲ. ಅವರ ಬೀದಿಯನ್ನೂ ನಾನು ಬದಲಿಸಿದ್ದೇನೆ. 'ಬರ್ಕೊಳಮ್ಮ, ನಂದೇನು ಕದ್ದ ಮಾಲಾ' ಎಂದು ಅವರೇ ಅಪ್ಪಣೆ ಕೊಟ್ಟ ಮೇಲೆಯೇ ಬರೆಯುತ್ತಿದ್ದೇನೆ. ಐವತ್ತು ದಾಟಿದ ಹೆಂಗಸು. ಕೋಟೆಯ ಬುಡದ ಒಂದು ಗಲ್ಲಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಾರೆ. ಮಿಲ್ಲು ಮುಂದೆ, ಮನೆ ಹಿಂದೆ, ನಡುವೆ ಹನ್ನೆರಡು ಹೆಜ್ಜೆಯ ಒಂದು ನಡವೆ. ಗಂಡ ನಂಜುಂಡಪ್ಪ ಸಂಕ್ರಾಂತಿ ಕಳೆದ ವಾರ ಮಿಲ್ಲಿನಲ್ಲೇ ಕುಸಿದು ತೀರಿಕೊಂಡಿದ್ದರು. ಈಗ ಯುಗಾದಿ ಹತ್ತಿರ ಬಂದಿತ್ತು. ಕರೆದುಕೊಂಡು ಬಂದವಳು ಕೊರಟಗೆರೆಗೆ ಕೊಟ್ಟ ಮಗಳು ಲತಾ. ತಾಯಿ ಬಾಯಿ ತೆರೆಯುವ ಮೊದಲೇ ಮಗಳು ಎಲ್ಲವನ್ನೂ ಹೇಳಿ ಮುಗಿಸಿದಳು: ಅಮ್ಮ ಮಿಷನ್ನು ನಿಲ್ಲಿಸುತ್ತಿಲ್ಲ. ಬೀಸಲು ಕಾಳಿಲ್ಲದಾಗಲೂ ಬರಿಗಲ್ಲು ತಿರುಗಿಸುತ್ತಾಳೆ. ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರುತ್ತದೆ, ಗಲ್ಲಿಯೆಲ್ಲ ಸುಟ್ಟ ವಾಸನೆ. ಯಾಕೆಂದರೆ ಮಿಷನ್ನು ನಿಂತ ತಕ್ಷಣ ಅಪ್ಪ ಕರೆಯುತ್ತಾರಂತೆ.

"ಏನಂತ ಕರೀತಾರೆ?" ಅಂದೆ.

"ಗಂಗೂ ಅಂತ," ಅಂದರು ಗಂಗಮ್ಮನವರು. "ಎಲ್ಡು ಸಲ. ಮೂರ್ನೇದು ಬರಲ್ಲ."

ಮೂರನೆಯದರ ವಿಚಾರ ಶಿರಾದಲ್ಲಿ ಬೆಳೆದ ನನಗೂ ಹೊಸತಲ್ಲ. ಮಟಮಟ ಮಧ್ಯಾಹ್ನವೋ ಸಂಜೆ ಹೊತ್ತೋ, ಕಣ್ಣಿಗೆ ಕಾಣದ ಕಡೆಯಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೆ ಓಗೊಡಬಾರದು, ಎರಡನೆಯದಕ್ಕೂ ಕೂಡದು. ಕರೆದವರು ಮನುಷ್ಯರಾದರೆ ಮೂರನೆಯ ಸಲವೂ ಕರೆಯುತ್ತಾರೆ. ದೆವ್ವಕ್ಕೆ ಎರಡಕ್ಕಿಂತ ಹೆಚ್ಚು ಕರೆಯುವ ಶಕ್ತಿಯಿಲ್ಲ. ಐ.ಡಿ.ಹಳ್ಳಿ ಕಡೆಯ ತವರಿನಿಂದ ಗಂಗಮ್ಮನವರು ಈ ಪಾಠವನ್ನು ಬಟ್ಟೆಬರೆಯ ಜೊತೆ ತಂದಿದ್ದರು, ಜೀವನಪೂರ್ತಿ ಪಾಲಿಸಿದ್ದರು. ಗಿರಾಕಿಗಳೂ ಇದಕ್ಕೆ ಒಗ್ಗಿಹೋಗಿದ್ದರು. ರಾಗಿ ಡಬ್ಬಿ ಸಾಲಿನಲ್ಲಿಟ್ಟು, ಒಂದೇ ಉಸಿರಿನಲ್ಲಿ 'ಗಂಗಮ್ಮ ಗಂಗಮ್ಮ ಗಂಗಮ್ಮ' ಎಂದು ಮೂರನ್ನೂ ಮುಗಿಸಿ ಹೋಗುತ್ತಿದ್ದರು.

ಕಿವಿಯ ಡಾಕ್ಟರು, ತಲೆಯ ಡಾಕ್ಟರು, ಮನೋವೈದ್ಯರು ಎಲ್ಲರೂ ನೋಡಿಯಾಗಿತ್ತು. ಎಲ್ಲ ಸರಿಯಿದೆ, ಹೋದವರ ದನಿ ಕೇಳಿಸುವುದು ದುಃಖದಲ್ಲಿ ಅಪರೂಪವಲ್ಲ, ಮಾತ್ರೆ ಬೇಡ, ಯಾರಾದರೂ ಕೂರಿಸಿಕೊಂಡು ಮಾತಾಡಿಸಲಿ ಎಂದು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ನೋಡಿ ನನಗೆ ಚರ್ಚಾಸ್ಪರ್ಧೆಯ ಚೀಟಿ ಎತ್ತಿದಷ್ಟೇ ಖುಷಿಯಾಯಿತು. ವಿಷಯ: ದೆವ್ವಗಳು ಇವೆ. ನಾನು ವಿರೋಧ. ಎದುರು ಪಕ್ಷ: ಒಬ್ಬ ವಿಧವೆ.

ಮೊದಲ ಭೇಟಿಯಲ್ಲೇ ಗೆದ್ದೆ. ದಿನವಿಡೀ ಮಿಷನ್ನಿನ ಸದ್ದಿನಲ್ಲಿದ್ದ ಕಿವಿಗೆ ಸದ್ದು ನಿಂತಾಗ ಏನಾಗುತ್ತದೆ, ಇಪ್ಪತ್ತೆಂಟು ವರ್ಷ ಕೇಳಿದ ಕರೆಯನ್ನು ಮಿದುಳು ಹೇಗೆ ತಾನೇ ತುಂಬಿಕೊಳ್ಳುತ್ತದೆ, ಪ್ರಾಣವಿಲ್ಲದವನಿಗೆ ಗಂಟಲು ಎಲ್ಲಿಂದ ಬಂತು, ಎಲ್ಲವನ್ನೂ ಬಿಡಿಸಿಟ್ಟೆ. ಗಂಗಮ್ಮನವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಕೊನೆಗೆ, "ನೀವು ಹೇಳೋದೆಲ್ಲ ಸರಿ ಮೇಡಮ್ಮ," ಅಂದರು. "ಅವರ್ಗೆ ಯಾರು ಹೇಳ್ತಾರೆ?"

ಮಗಳು ಆಗ ಇನ್ನೊಂದು ಮಾತು ಹೇಳಿದಳು. ವೈ.ಎನ್.ಹೊಸಕೋಟೆ ಕಡೆಯ ಓಬಳೇಶಪ್ಪ ಎಂಬವರು ಮಿಷನ್ನು ಕೊಳ್ಳಲು ತಯಾರಾಗಿದ್ದಾರೆ, ಯುಗಾದಿ ಕಳೆದ ಮೇಲೆ ಬಿಚ್ಚಿಕೊಂಡು ಹೋಗುತ್ತಾರೆ. ಅಮ್ಮ ಒಪ್ಪಿಯೂ ಆಗಿದೆ. ಇದನ್ನು ಕೇಳುತ್ತಾ ಗಂಗಮ್ಮನವರು ಹೆಬ್ಬೆರಳಿಗೆ ತೋರುಬೆರಳು ಉಜ್ಜುತ್ತಿದ್ದರು. ಹಿಟ್ಟು ನುಣ್ಣಗಾಯಿತೋ ಇಲ್ಲವೋ ಎಂದು ಬೆರಳಲ್ಲೇ ನೋಡುವವರ ಅಭ್ಯಾಸ ಅದು. ಬೆರಳುಗಳ ನಡುವೆ ಆಗ ಏನೂ ಇರಲಿಲ್ಲ. "ಆ ಕಲ್ಲು ಹೋದ್ರೆ ನಾನು ಯಾರು ಅಂತ ನಂಗೇ ಗೊತ್ತಾಗಲ್ಲ," ಅಂದರು. "ಆದ್ರೆ ಇದ್ರೆ ಕರೀತಾರಲ್ಲ."

ಸರಿ, ವಾದ ಒಂದೇ ಸಾಲದು, ಬೇರೆ ಅಸ್ತ್ರಗಳನ್ನೂ ತೆಗೆಯಬೇಕು ಎಂದುಕೊಂಡೆ. ನಮ್ಮ ವೃತ್ತಿಯಲ್ಲಿ ಪುರಾವೆ ಇರುವ ಚಿಕಿತ್ಸೆಗಳು ಹಲವಿವೆ. ಒಂದರಲ್ಲಿ, ಬಂದ ಯೋಚನೆಯನ್ನು ಕಾಗದದ ಮೇಲೆ ಬರೆದು, ಅದರ ಪರ ಸಾಕ್ಷಿ ಒಂದು ಕಡೆ, ವಿರುದ್ಧ ಸಾಕ್ಷಿ ಇನ್ನೊಂದು ಕಡೆ ಬರೆಯಬೇಕು. ನನಗೆ ಇದು ಪ್ರಾಣ. ಇನ್ನೊಂದರಲ್ಲಿ, ಹೆದರಿಸುವ ವಸ್ತುವಿನ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಹೆದರಿಕೆ ತಾನೇ ಇಳಿಯುವವರೆಗೆ ನಿಲ್ಲಬೇಕು. ಮತ್ತೊಂದು ಇದಕ್ಕೆ ತದ್ವಿರುದ್ಧ: ಯೋಚನೆಯ ಜೊತೆ ಜಗಳಕ್ಕೇ ಹೋಗಬೇಡ, ಬೀದಿಯಲ್ಲಿ ಮೆರವಣಿಗೆ ಹೋದ ಹಾಗೆ ಅದು ಹೋಗಲಿ, ನೀನು ಜಗುಲಿ ಮೇಲೆ ಕೂತು ನೋಡು ಅನ್ನುತ್ತದೆ. ಚಿಂತೆ ದಿನವಿಡೀ ಕಾಡುವವರಿಗೆ ಇನ್ನೂ ಒಂದು ಉಪಾಯವಿದೆ. ಚಿಂತೆಗೆಂದೇ ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿ, ಬೇರೆ ಹೊತ್ತಿನಲ್ಲಿ ಬಂದರೆ 'ಆಮೇಲೆ ಬಾ' ಎಂದು ಕಳಿಸುವುದು. ಒಂದೊಂದೂ ಒಳ್ಳೆಯದೇ. ನಾಲ್ಕೂ ಒಳ್ಳೆಯದಾದರೆ ನಾಲ್ಕನ್ನೂ ಕೊಟ್ಟರೆ ನಾಲ್ಕು ಪಟ್ಟು ಒಳ್ಳೆಯದಾಗಬೇಕಲ್ಲವೇ? ತರ್ಕ ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ತಪ್ಪು ತರ್ಕಗಳು ಯಾವಾಗಲೂ ಹೀಗೇ ಇಸ್ತ್ರಿ ಮಾಡಿಕೊಂಡು ಬರುತ್ತವೆ.

ತುಮಕೂರಿನಲ್ಲಿ ನನ್ನ ಕೆಲಸದ ಮೇಲೆ ಕಣ್ಣಿಟ್ಟಿರುವ ಒಬ್ಬ ಹಿರಿಯ ಮೇಡಂ ಇದ್ದಾರೆ. ವಾರಕ್ಕೊಮ್ಮೆ ಫೋನಿನಲ್ಲಿ ಎಲ್ಲವನ್ನೂ ಒಪ್ಪಿಸಬೇಕು. ನನ್ನ ಬೆರಕೆ ಯೋಜನೆಯನ್ನು ಹೆಮ್ಮೆಯಿಂದ ಹೇಳಿದೆ. ಅವರು, ಬೆರೆಸುವುದು ತಪ್ಪಲ್ಲ, ಯಾತಕ್ಕೆ ಬೆರೆಸುತ್ತಿದ್ದೀಯ ಎನ್ನುವುದನ್ನು ಒಂದೇ ವಾಕ್ಯದಲ್ಲಿ ಹೇಳು ಅಂದರು. ನಾನು ಹನ್ನೊಂದು ವಾಕ್ಯಗಳಲ್ಲಿ ಹೇಳಿದೆ. ಅವರು 'ಹೂಂ' ಎಂದು ಫೋನಿಟ್ಟರು. ಆ ಹೂಂ ಅನ್ನು ನಾನು ಒಪ್ಪಿಗೆಯೆಂದು ಲೆಕ್ಕ ಹಾಕಿಕೊಂಡೆ.

ಎರಡನೆಯ ಭೇಟಿಯಲ್ಲಿ ಗಂಗಮ್ಮನವರಿಗೆ ಒಂದು ನೋಟ್‌ಬುಕ್ ಕೊಟ್ಟೆ. ದಿನವಿಡೀ ಮಿಷನ್ನು ಬರಿದೇ ಓಡಿಸಬೇಡಿ, ಕರೆ ಬಂದರೆ 'ಈಗಲ್ಲ' ಅನ್ನಿ, ಸಂಜೆ ನಾಲ್ಕು ಗಂಟೆಗೆ ಮಾತ್ರ ಅದಕ್ಕೆ ಸಮಯ. ಆಗ ಮಿಷನ್ನು ಆಫ್ ಮಾಡಿ, ಅದರ ಹತ್ತಿರವೇ ನಿಂತು, ಏನು ಕೇಳಿಸಿತೋ ಬರೆದು, ಸಾಕ್ಷಿ ಪರಿಶೀಲಿಸಿ, ಆಮೇಲೆ ಎಲ್ಲವೂ ಮೆರವಣಿಗೆ ಅಂದುಕೊಂಡು ಬಿಟ್ಟುಬಿಡಿ ಅಂದೆ. ನಾಲ್ಕು ಗಂಟೆ ಎಂದು ಯಾಕೆ ಹೇಳಿದೆನೋ! ಆಗಷ್ಟೇ ಬೆಟ್ಟದ ನೆರಳು ಅವರ ಮಡಿಲಿಗೆ ಬಂದು ಕೂತಿತ್ತು, ಬಾಯಿಗೆ ಬಂದ ಗಂಟೆ ಅದು.

ಮುಂದಿನ ಗುರುವಾರ ಅವರು ನೋಟ್‌ಬುಕ್ ತಂದರು. ಹಾಳೆಗಳ ತುಂಬ ಹಿಟ್ಟಿನ ಬೆರಳಚ್ಚು. ಒಂದು ದಿನದ ಬರಹ ಹೀಗಿತ್ತು: 'ಯೋಚನೆ – ಕರೆದರು. ಪರ ಸಾಕ್ಷಿ – ಕೇಳಿಸಿತು. ವಿರುದ್ಧ ಸಾಕ್ಷಿ – ಕರೆದಿಲ್ಲ ಅಂತ ಸಬೀನಾ ಮೇಡಂ ಹೇಳಿದ್ದಾರೆ.' ಏಳು ದಿನಕ್ಕೂ ಇದೇ.

"ಒಂದು ಉಪಕಾರ ಆಯ್ತು ಮೇಡಮ್ಮ," ಅಂದರು. "ಮೊದ್ಲು ಯಾವಾಗ ಅಂದ್ರೆ ಆವಾಗ ಕರೆಯೋರು. ನೀವು ಟೈಮ್ ಕೊಟ್ರಲ್ಲ, ಈಗ ಸರಿಯಾಗಿ ನಾಕಕ್ಕೆ ಬರ್ತಾರೆ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ."

ನಾಲ್ಕು ಪುರಾವೆಯುಕ್ತ ಚಿಕಿತ್ಸೆಗಳನ್ನು ಬೆರೆಸಿ ನಾನು ಒಂದು ದೆವ್ವಕ್ಕೆ ವೇಳಾಪಟ್ಟಿ ಹಾಕಿಕೊಟ್ಟಿದ್ದೆ. ನಮ್ಮ ಬಸ್ಸುಗಳಿಗೂ ಇಲ್ಲದ ಶಿಸ್ತು ಅದಕ್ಕೆ ಬಂದುಬಿಟ್ಟಿತ್ತು.

ಮುಂದಿನ ಸೋಮವಾರ ನಾನೇ ಮಿಲ್ಲಿಗೆ ಹೋದೆ. ಸ್ಥಳ ಪರಿಶೀಲನೆ ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಸೋತ ಸ್ಪರ್ಧಿಗಳು ತೀರ್ಪುಗಾರರ ಕೋಣೆಯ ಸುತ್ತ ಸುಳಿದಾಡುವ ಹಾಗೆ ಹೋದದ್ದು. ಒಳಗೆ ಕಾಲಿಟ್ಟರೆ ಎಲ್ಲವೂ ಬಿಳಿ. ಗೋಡೆ ಬಿಳಿ, ಜೇಡರ ಬಲೆ ಬಿಳಿ, ಗೋಡೆಗೆ ಹಾಕಿದ್ದ ನಂಜುಂಡಪ್ಪನವರ ಫೋಟೋದ ಗಾಜೂ ಬಿಳಿ. ಒಳಗಿರುವ ಮುಖ ಗಾಜಿನ ಆ ಕಡೆಯಿಂದ ನಮ್ಮನ್ನು ನೋಡಲು ಕಷ್ಟಪಡುತ್ತಿರುವ ಹಾಗಿತ್ತು. ಮಿಷನ್ನು ಓಡುತ್ತಿತ್ತು. ಹಿಟ್ಟು ಬೀಳುವ ಬಾಯಿಗೆ ಒಂದು ಉದ್ದನೆಯ ಬಟ್ಟೆಯ ಚೀಲ ಕಟ್ಟಿದ್ದರು, ಅಂಗಿಯ ತೋಳಿನಂತೆ. ಒಳಗಿನ ಗಾಳಿಗೆ ಅದು ಉಬ್ಬಿಕೊಂಡು, ಭುಜದಿಂದ ಕೆಳಗೆ ಮಾತ್ರ ಮನುಷ್ಯನಾದ ಯಾವುದೋ ಒಂದು ಡಬ್ಬಿಯೊಳಗೆ ಕೈಯಿಟ್ಟು ತಡಕುವಂತೆ ಅಲುಗುತ್ತಿತ್ತು.

ನಾಲ್ಕಾಯಿತು. ಗಂಗಮ್ಮನವರು ಸ್ವಿಚ್ಚು ಆರಿಸಿದರು. ಬೆಲ್ಟು ಸುತ್ತಿ ಸುತ್ತಿ ನಿಧಾನವಾಯಿತು. ಬಟ್ಟೆಯ ತೋಳು ಬೆರಳ ತುದಿಯಿಂದ ಜೀವ ಕಳೆದುಕೊಳ್ಳುತ್ತ ಬಂದು, 'ಹೂಂಊ' ಎಂದು ಉಸಿರು ಬಿಟ್ಟು ಜೋತುಬಿತ್ತು. ಸಿಕ್ಕಿಬಿದ್ದೆಯಾ ಅಂದುಕೊಂಡೆ. ಇದೇ ನೋಡಿ ನಿಮ್ಮ ದನಿ, ಗಾಳಿ ಇಳಿಯುವ ಸದ್ದು ಎಂದು ತೋರಿಸಿದೆ. ಅವರು ಮಗುವನ್ನು ನೋಡಿದ ಹಾಗೆ ನನ್ನನ್ನು ನೋಡಿದರು. ಅದು ಇಪ್ಪತ್ತು ವರ್ಷದಿಂದ ಹೀಗೇ ಉಸಿರು ಬಿಡುತ್ತಿದೆಯಂತೆ, ಒಂದು ದಿನವೂ ಗಂಗೂ ಅಂದಿಲ್ಲವಂತೆ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಹೇಳಿದರು.

ನಾನು ಜೀವನದಲ್ಲಿ ಅಷ್ಟು ಸುಮ್ಮನೆ ಇದ್ದದ್ದೇ ಇಲ್ಲ. ಮಿಷನ್ನು ನಿಂತ ಮೇಲಿನ ನಿಶ್ಶಬ್ದ ಖಾಲಿಯಾಗಿರುವುದಿಲ್ಲ, ಅದು ತುಂಬಿಕೊಂಡಿರುತ್ತದೆ. ಕಿಟಕಿಯ ಬೆಳಕಿನಲ್ಲಿ ಹಿಟ್ಟಿನ ಧೂಳು ಇಳಿಯುವುದನ್ನು ಮರೆತು ನಿಂತಿತ್ತು. ಗಂಗಮ್ಮನವರು ಒಂದು ಬೆರಳೆತ್ತಿದರು. ನನಗೆ ಏನೂ ಕೇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎರಡನೆಯ ಬೆರಳೆತ್ತಿದರು. ಆಗಲೂ ಏನೂ ಕೇಳಿಸಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ಅವರ ಮಡಚಿದ್ದ ಮೂರನೆಯ ಬೆರಳಿನಿಂದ ಕಣ್ಣು ಕೀಳಲು ನನಗಾಗಲಿಲ್ಲ. ಇಲ್ಲದ ಗಂಟಲಿನ ಮೂರನೆಯ ಕರೆಗಾಗಿ ವಿರೋಧ ಪಕ್ಷದ ನಾನು ಕಾಯುತ್ತಿದ್ದೆ.

"ಗಂಗಮ್ಮಗಾರೂ."

ದನಿ ಮುಚ್ಚಿದ್ದ ಬಾಗಿಲ ಆಚೆಯಿಂದ ಬಂತು. ಇದು ನನಗೂ ಕೇಳಿಸಿತು. ಗಂಗಮ್ಮನವರು ಅಲುಗಲಿಲ್ಲ. ನಾನೂ ಅಲುಗಲಿಲ್ಲ.

"ಗಂಗಮ್ಮಗಾರೂ, ಮಿಷನ್ ನೋಡಾಕ್ ಬಂದೀನಮ್ಮ."

ಇಬ್ಬರೂ ಗೋಡೆಗೆ ಒರಗಿಸಿಟ್ಟ ಮೂಟೆಗಳ ಹಾಗೆ ನಿಂತೇ ಇದ್ದೆವು. ಮೂರನೆಯ ಕರೆ ಬರಲಿಲ್ಲ. ಒಂದು ಜೊತೆ ಚಪ್ಪಲಿಯ ಸದ್ದು ಗಲ್ಲಿಯ ತುದಿಯವರೆಗೆ ಹೋಯಿತು. ಓಬಳೇಶಪ್ಪನವರು ಎಪ್ಪತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದು, ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಹೊರಟುಹೋಗಿದ್ದರು. ಸ್ನಾತಕೋತ್ತರ ಪದವಿ ಪಡೆದ, ಹಗಲು ಹೊತ್ತಿನಲ್ಲಿ, ಮೈಮೇಲೆ ಎಚ್ಚರವಿದ್ದ ನಾನು ಬಾಯಿ ತೆರೆದು 'ಯಾರು' ಎಂದು ಕೇಳಿರಲಿಲ್ಲ.

ಗಂಗಮ್ಮನವರೇ ಮೊದಲು ನಕ್ಕರು. ನನಗೆ ನೀರು ಕೊಟ್ಟು, ತಾವೊಂದು ಮೂಟೆಯ ಮೇಲೆ ಕೂತು, ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಟ್ಟ ನಾಲ್ಕು ಕೆಲಸಗಳ ಪಟ್ಟಿ ತೆಗೆದರು. ಇದನ್ನೆಲ್ಲ ಒಟ್ಟಿಗೆ ಯಾಕೆ ಕೊಟ್ಟಿರಿ ಎಂದು ಕೇಳಿದರು. ಎಲ್ಲವೂ ಒಳ್ಳೆಯದೇ, ಬೆರೆಸಿದರೆ ಬಲ ಹೆಚ್ಚು ಅಂದೆ.

"ಹುರಿಹಿಟ್ಟು ಮಾಡೋದು ನೋಡಿದ್ದೀರಾ ಮೇಡಮ್ಮ?" ಅಂದರು. "ರಾಗಿ, ಗೋಧಿ, ಕಡ್ಲೆ, ಹೆಸ್ರು, ಎಲ್ಲಾನೂ ಒಂದೇ ಬಾಂಡ್ಲೀಗ್ ಹಾಕಿ ಹುರಿದ್ರೆ ಒಂದು ಸೀದೋಯ್ತದೆ, ಒಂದು ಹಸೀಗೇ ಉಳೀತದೆ. ಬ್ಯಾರೆ ಬ್ಯಾರೆ ಹುರೀಬೇಕು. ಅದುಕ್ಕೂ ಮುಂಚೆ ಯಾರಿಗೆ ಅಂತ ಕೇಳ್ಬೇಕು. ಮಗೂಗಾ, ಬಾಣಂತೀಗಾ, ಸಕ್ರೆ ಕಾಯ್ಲೆಯೋರ್ಗಾ ಅಂತ. ನಾವು ಕೇಳ್ದೆ ಒಂದು ಸೇರೂ ಬೀಸಲ್ಲ. ನೀವು ನನ್ನ ಏನು ಕೇಳಿದ್ರಿ?"

ಏನು ಕೇಳಿದ್ದೆ? ದೆವ್ವ ಇದೆಯೋ ಇಲ್ಲವೋ ಎಂದು ವಾದಿಸಿದ್ದೆ. ಎಷ್ಟು ಸಲ, ಎಷ್ಟು ಜೋರಾಗಿ, ಯಾವ ಕಡೆಯಿಂದ ಎಂದು ಪೊಲೀಸರ ಹಾಗೆ ವಿಚಾರಿಸಿದ್ದೆ. ತುಮಕೂರಿನ ಮೇಡಂ ಕೇಳಿದ ಒಂದು ವಾಕ್ಯ ಆಗ ನೆನಪಾಯಿತು. ಕುರ್ಚಿ ಇಲ್ಲದ್ದರಿಂದ ನಾನೂ ಒಂದು ಮೂಟೆಯ ಮೇಲೆ ಕೂತೆ.

"ಅವರು ಯಾಕೆ ಕರೀತಾರೆ ಗಂಗಮ್ಮನೋರೇ?" ಅಂದೆ.

ಅವರು ಮತ್ತೆ ಬೆರಳುಜ್ಜತೊಡಗಿದರು. ಆಮೇಲೆ ಹೇಳಿದ್ದು ಇದು. ಹೆಂಡತಿಯ ಮೂರು ಕರೆಯ ನಿಯಮ ನಂಜುಂಡಪ್ಪನವರಿಗೆ ಮದುವೆಯಾದ ಹೊಸದರಲ್ಲೇ ತಮಾಷೆಯಾಗಿ ಕಂಡಿತ್ತು. ಅವರು ಬೇಕೆಂದೇ ಎರಡೇ ಸಲ ಕರೆಯುತ್ತಿದ್ದರು. ಈಕೆ ಹಟ ಹಿಡಿದು ಓಗೊಡುತ್ತಿರಲಿಲ್ಲ. ಆಗ ಅವರೇ ಹನ್ನೆರಡು ಹೆಜ್ಜೆ ನಡೆದು ಹಿಂದಿನ ಅಡುಗೆಮನೆಯ ಬಾಗಿಲಿಗೆ ಬಂದು, ತಲೆಯಿಂದ ಕಾಲಿನವರೆಗೆ ಬೆಳ್ಳಗೆ ನಿಂತು, 'ದೆವ್ವ ಅಲ್ಲ ಕಣೇ, ನಾನೇ, ಮುಟ್ಟಿ ನೋಡು' ಅನ್ನುತ್ತಿದ್ದರು. ಕೆನ್ನೆಗೆ ಹಿಟ್ಟು ಬಳಿದು ಹೋಗುತ್ತಿದ್ದರು. ಇಪ್ಪತ್ತೆಂಟು ವರ್ಷ ದಿನಕ್ಕೊಂದು ಸಲವಾದರೂ ಈ ಆಟ ನಡೆದಿತ್ತು. ಆ ದಿನ ಮಿಷನ್ನು ನಿಂತಿತು. ಗಂಗೂ ಅಂದರು. ಇನ್ನೊಂದು ಸಲ ಅಂದರು. ಈಕೆ ಅಡುಗೆಮನೆಯಲ್ಲಿ ನಗುತ್ತ, ಬರಲಿ ಎಂದು, ಕೆನ್ನೆ ಒರೆಸಿಕೊಂಡು ಕಾದರು. ಕಾಫಿಗೆ ಹಾಲು ಉಕ್ಕಿತು. ಅವರು ಬರಲಿಲ್ಲ.

"ದೆವ್ವ ಅಂತ ನಂಗೇನೂ ಹೆದ್ರಿಕೆ ಇಲ್ಲ ಮೇಡಮ್ಮ," ಅಂದರು. "ಎಲ್ಡು ಸಲ ಕರೆದಾಯ್ತು. ಇನ್ನು ಅವರೇ ಬಂದು ಬಾಗ್ಲಾಗೆ ನಿಂತು, ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ ಏನು ಹೇಳ್ಲಿ? ಅದುಕ್ಕೇ ಮಿಷನ್ ಆಫ್ ಮಾಡಲ್ಲ."

ಆ ದಿನ ಎಷ್ಟು ಹೊತ್ತಾಗಿತ್ತು ಎಂದು ಕೇಳಿದೆ. ಕೇಳಬಾರದಿತ್ತೇನೋ. ನಾಲ್ಕು ಗಂಟೆ, ಕಾಫಿ ಹೊತ್ತು ಅಂದರು. ನಾನು ನಾಲ್ಕೆಂದದ್ದು ಬೆಟ್ಟದ ನೆರಳು ನೋಡಿ. ಅವರು ಅದಕ್ಕೂ ಮೊದಲು ನನಗೆ ಆ ದಿನದ ಗಂಟೆ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಕಾಕತಾಳೀಯ, ಬೇರೇನಲ್ಲ. ಹೀಗೆಂದು ಬಸ್ಸಿನಲ್ಲಿ ಶಿರಾದವರೆಗೂ ಹೇಳಿಕೊಂಡು ಹೋದೆ.

ಆ ರಾತ್ರಿ ತುಮಕೂರಿನ ಮೇಡಂಗೆ ಒಂದೇ ವಾಕ್ಯ ಹೇಳಿದೆ: ಆಕೆಯ ಕಾಯಿಲೆ ಭಯವಲ್ಲ, ಹೋಗಲಿಲ್ಲವಲ್ಲ ಎಂಬ ಸಂಕಟ. ಮೇಡಂ ಈ ಸಲ ಹೂಂ ಅನ್ನಲಿಲ್ಲ, 'ಹಾಗಾದ್ರೆ ಈಗ ಬೆರೆಸು' ಅಂದರು. ಅಸ್ತ್ರಗಳು ಅವೇ. ಆದರೆ ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕಿತ್ತು. ಮೊದಲ ವಾರ ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ, ಹಾಲು ಉಕ್ಕಿದ ವಾಸನೆಯ ಸಮೇತ, ಮತ್ತೆ ಮತ್ತೆ ಹೇಳಿಸಿದೆ; ಮೂರನೆಯ ಸಲ ಹೇಳುವಾಗ ಅವರು ಮೊಟ್ಟಮೊದಲ ಬಾರಿ ಅತ್ತರು. ಎರಡನೆಯ ವಾರ 'ನಾನು ಹೋಗಿದ್ದರೆ ಉಳಿಯುತ್ತಿದ್ದರು' ಎಂಬ ಯೋಚನೆಯನ್ನು ಸಾಕ್ಷಿಯ ಪಟ್ಟಿಗೆ ಹಾಕಿದೆವು. ಈ ಸಲ ವಾದ ಮಾಡಿದ್ದು ನಾನಲ್ಲ. ನಾನು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಬಾಯಿ ಮುಚ್ಚಿ ಕೂತಿದ್ದೆ. ನನ್ನ ಬಳಿ ಆರು ಅಂಶಗಳಿದ್ದವು, ಒಂದನ್ನೂ ಆಡಲಿಲ್ಲ. ಬಿದ್ದ ಕ್ಷಣದಲ್ಲೇ ಪ್ರಾಣ ಹೋಗಿದೆ ಎಂದು ಡಾಕ್ಟರು ಅಂದೇ ಹೇಳಿದ್ದನ್ನು ಅವರೇ ನೆನಪು ಮಾಡಿಕೊಂಡರು. 'ಹೋಗಿದ್ರೆ ಉಳೀತಿರ್ಲಿಲ್ಲ. ಹೋಗಿದ್ರೆ ಮುಖ ನೋಡ್ತಿದ್ದೆ' ಎಂದು ತಾವೇ ಬರೆದರು. ಎರಡನೆಯ ವಾಕ್ಯಕ್ಕೆ ವಿರುದ್ಧ ಸಾಕ್ಷಿ ಇರಲಿಲ್ಲ. ಅದನ್ನು ಹಾಗೇ ಬಿಟ್ಟೆವು. ಜಗುಲಿ ಮೇಲೆ ಕೂತು ಒಪ್ಪಿಕೊಳ್ಳುವ ಚಿಕಿತ್ಸೆಗೆ ಅಲ್ಲಿ ನಿಜವಾದ ಕೆಲಸ ಸಿಕ್ಕಿತು. ಉಳಿದದ್ದು ಮೆಟ್ಟಿಲು. ಅದು ಮಿಷನ್ನಿನ ಹತ್ತಿರ ನಿಲ್ಲುವುದಲ್ಲ. ಹಿಂದಿನಿಂದ ಮುಂದಕ್ಕೆ ಹನ್ನೆರಡು ಹೆಜ್ಜೆ.

ಯುಗಾದಿಗೆ ಎರಡು ದಿನವಿರುವಾಗ ನಾಲ್ಕು ಗಂಟೆಗೆ ಮಿಷನ್ನು ಆರಿಸಿದೆವು. ಗಂಗಮ್ಮನವರು ಅಡುಗೆಮನೆಗೆ ಹೋದರು. ನಾನು ಮುಂದೆ, ಮಿಷನ್ನಿನ ಪಕ್ಕ ನಿಂತೆ. ಬಟ್ಟೆಯ ತೋಳು ಉಸಿರು ಬಿಟ್ಟಿತು. ಹಿಟ್ಟಿನ ಧೂಳು ನಿಂತಿತು. ನನಗೆ ಏನೂ ಕೇಳಿಸಲಿಲ್ಲ.

"ಓ, ಬಂದೆ ಕಣ್ರೀ."

ಒಳಗಿನಿಂದ ಬಂದ ಆ ದನಿ ಐವತ್ತು ದಾಟಿದವರದಾಗಿರಲಿಲ್ಲ. ಹೆಜ್ಜೆಗಳು ನಡವೆಯಲ್ಲಿ ಬಂದವು. ನಾನು ಎಣಿಸಿದೆ. ಹನ್ನೆರಡಕ್ಕೆ ಅವರು ಬೆಳಕಿಗೆ ಬಂದು, ನನ್ನನ್ನಲ್ಲ, ನನ್ನ ಪಕ್ಕದ ಜಾಗವನ್ನು ನೋಡುತ್ತ ನಿಂತರು. ನಾನು ಮೆಲ್ಲಗೆ ಎರಡು ಹೆಜ್ಜೆ ಸರಿದು ಜಾಗ ಬಿಟ್ಟೆ. ಯಾಕೆ ಸರಿದೆ ಎಂದು ನನ್ನನ್ನು ಕೇಳಬೇಡಿ. ಅವರು ಏ‍ನೇನೋ ಮಾತಾಡಿದರು. ಅದು ಗಂಡಹೆಂಡಿರ ಮಾತು, ಅಪ್ಪಣೆ ಸಿಕ್ಕಿದ್ದರೂ ಬರೆಯುವುದಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಸಾಲಿನಲ್ಲಿದ್ದ ಮೊದಲ ಡಬ್ಬಿಯ ರಾಗಿಯನ್ನು ಸುರಿದು ಸ್ವಿಚ್ಚು ಹಾಕಿದರು. ಬೀಸುವಷ್ಟು ಹೊತ್ತು ಓಡಿಸಿ, ರಾಗಿ ಮುಗಿದ ಕೂಡಲೇ ನಿಲ್ಲಿಸಿದರು. ಹಬ್ಬ ಕಳೆದು ಬಂದ ಓಬಳೇಶಪ್ಪನವರನ್ನು ಕಾಫಿ, ಒಬ್ಬಟ್ಟು ಕೊಟ್ಟು ಬರಿಗೈಲಿ ಕಳಿಸಿದರಂತೆ. ಅವರು ಕರೆದ ಮೊದಲ ಸಲಕ್ಕೇ ಓಗೊಟ್ಟರಂತೆ.

ತಿಂಗಳ ಮೇಲೆ ಸಿಕ್ಕಾಗ, ದನಿ ನಿಂತಿತೇ ಎಂದು ಕೇಳಿದೆ. "ಕಮ್ಮಿ ಆಗದೆ ಕಣಮ್ಮ," ಅಂದರು, ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ. "ಈಗ ಒಂದೇ ಸಲ ಕರೀತಾರೆ. ಓ ಅಂತೀನಲ್ಲ, ಇನ್ನೊಂದ್ಸಲ ಯಾಕೆ ಕರೀತಾರೆ?" ಫೈಲಿನಲ್ಲಿ 'ಅರ್ಧದಷ್ಟು ಗುಣ' ಎಂದು ಬರೆದು, ಹೊಡೆದುಹಾಕಿ, 'ಮಿಲ್ಲು ನಡೆಯುತ್ತಿದೆ' ಎಂದು ಬರೆದೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹೋದ ಭಾನುವಾರ ಶಿರಾದ ಮನೆಯಲ್ಲಿ ಮೊಬೈಲು ನೋಡುತ್ತ ಕೂತಿದ್ದೆ. ಅಮ್ಮಿಗೆ ನನ್ನ ಮೇಲಿರುವ ಹಳೆಯ ದೂರೆಂದರೆ, ಕರೆದರೆ ನಾನು ಮೂರನೆಯ ಸಲಕ್ಕೂ ಓಗೊಡುವುದಿಲ್ಲ, ಓಗೊಟ್ಟರೂ 'ಯಾಕೆ' ಎಂದು ವಾದ ತೆಗೆಯುತ್ತೇನೆ ಎಂಬುದು. ಅಂದು ಅಡುಗೆಮನೆಯಿಂದ 'ಸಬೀನಾ' ಅಂದ ಹಾಗಾಯಿತು. ಒಂದೇ ಸಲ. ನಾನು ಮೊಬೈಲು ಬಿಸಾಕಿ, 'ಓ, ಬಂದೆ ಅಮ್ಮಿ' ಎಂದು ಎದ್ದು ಓಡಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮಿ ತಾರಸಿಯ ಮೇಲೆ ಒಣಮೆಣಸಿನಕಾಯಿ ತಿರುವಿಹಾಕುತ್ತಿದ್ದಳು. ಮೇಲೆ ಹೋಗಿ, ಕರೆದೆಯಾ ಎಂದು ಕೇಳಿದೆ. ಅವಳು ಕರೆದಿರಲಿಲ್ಲ. ಗಡಿಯಾರ ನೋಡಲಿಲ್ಲ ನಾನು, ನೋಡುವ ಧೈರ್ಯವಾಗಲಿಲ್ಲ.

ಅಮ್ಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕರೀದೇ ಇದ್ರೂ ಬಂದೆ. ಅದೂ ಒಂದೇ ಸಲಕ್ಕೆ. ವಾದ ಇಲ್ಲ, ಏನಿಲ್ಲ," ಅಂದಳು. "ಹಾಯ್ ಅಲ್ಲಾ, ನಿಂಗೆ ಏನೋ ಮೆಟ್ಕೊಂಡಿದೆ ಬೇಟಿ. ನಿಲ್ಲು ಅಲ್ಲೇ."

ಮುಷ್ಟಿ ತುಂಬ ಮೆಣಸಿನಕಾಯಿ ಹಿಡಿದು ಬಂದಳು. ದೃಷ್ಟಿ ತೆಗೆಯುವುದು ಮೂಢನಂಬಿಕೆ ಎಂಬ ವಿಷಯದ ಮೇಲೆ ಷೋಕೇಸಿನಲ್ಲಿ ಒಂದು ಕಪ್ಪಿದೆ. ಸೂಜಿದಾರ ಇರುವುದು ಅದರೊಳಗೇ. ನೆಟ್ಟಗೆ ನಿಂತೆ. ಅಮ್ಮಿ ತಲೆಯಿಂದ ಕಾಲಿನವರೆಗೆ ಮುಷ್ಟಿ ಇಳಿಸಿದಳು, ಇನ್ನೊಮ್ಮೆ ಇಳಿಸಿದಳು. ಕೆಳಗೆ ಯಾರೋ ಕದ ಬಡಿದರು. ಅವಳು ಮೆಣಸಿನಕಾಯಿ ಹಿಡಿದ ಕೈಯಲ್ಲೇ ಮೆಟ್ಟಿಲ ಕಡೆ ತಿರುಗಿದಳು.

"ಅಮ್ಮಿ," ಅಂದೆ ನಾನು, "ಇನ್ನೊಂದು ಬಾಕಿ ಇದೆ."